ನಡು ಸೊರಗಿದ ಗಡ್ಡೆಗಳು

"ಅನ್ನ ನನ್ನದು, ಮೇಲಿನದ್ದೆಲ್ಲ ನಿಮ್ಮದು" ಎಂದು ಊಟಕ್ಕೆ ಕೂತಾಗಲೆಲ್ಲ ಅಜ್ಜ ಹೇಳುತ್ತಿದ್ದ. ಅದರಲ್ಲಿ ಸ್ವಲ್ಪ ಜಂಬವಿತ್ತು, ಸುಳ್ಳಿರಲಿಲ್ಲ. ಮನೆಯ ಹಿಂದಿನ ಇಳಿಜಾರಿನಲ್ಲಿ ಅವನು ಬೆಳೆಯುವ ಕೆಸುವಿನ ಗಡ್ಡೆ ವರ್ಷಕ್ಕೊಮ್ಮೆ ಮಕ್ಕಳ ಹಾಸ್ಟೆಲಿನ ಅಡುಗೆಮನೆಗೆ ಹೋಗುತ್ತಿತ್ತು. ಬದಲಿಗೆ ಹಾಸ್ಟೆಲಿನ ಉಗ್ರಾಣದಿಂದ ಮನೆಗೆ ವರ್ಷಕ್ಕಾಗುವಷ್ಟು ಅಕ್ಕಿ ಬರುತ್ತಿತ್ತು. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು ಬೆನ್ನು ಕೈಕೊಟ್ಟ ಮೇಲೆ ಮನೆ ಹಿಡಿದಿದ್ದ. ಆ ಅಕ್ಕಿ ಇರುವವರೆಗೂ ಅವನ ತಟ್ಟೆಗೆ ಯಾರೂ ಅನ್ನದ ಜೊತೆ ಮಾತು ಬಡಿಸುವಂತಿರಲಿಲ್ಲ.

ಕೆಸುವಿಗೆ ಅವನು ಎಂದೂ ನೀರು ಹೊತ್ತವನಲ್ಲ. ಬೀದಿಯ ತಿರುವಿನಲ್ಲಿ ನೆಲದಡಿಯ ದೊಡ್ಡ ಪೈಪಿನ ಜಾಯಿಂಟು ಬಹಳ ಕಾಲದಿಂದ ಸೋರುತ್ತಿತ್ತು. ಆ ನೀರು ಸಣ್ಣ ಕಾಲುವೆಯಾಗಿ ಇಳಿದು ಬಂದು, ಪಾತಿಗಳ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತಿತ್ತು.

"ನೀರು ನಿಂತರೆ ಗಡ್ಡೆ ಕೊಳೆಯತ್ತೆ, ನೀರು ತಪ್ಪಿದರೆ ಮುದುಡತ್ತೆ. ಹಗಲೂ ರಾತ್ರಿ ಒಂದೇ ಸಮ ಹರೀತಾ ಇರಬೇಕು. ತಣ್ಣಗೆ, ನನ್ನ ಸೊಸೆ ಹಾಗೆ" ಎಂದು ಅಜ್ಜ ಬಂದವರಿಗೆಲ್ಲ ಹೇಳುತ್ತಿದ್ದ.

"ಸೊಸೆ ಎಲ್ಲಿ ತಣ್ಣಗಿದ್ದಾಳೆ ಮಾವ, ಒಲೆ ಮುಂದೆ ಬೇಯ್ತಾ ಇದಾಳೆ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಸೊಸೆಗೆ ಹಗಲು ಹಾಸ್ಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸ, ಬೆಳಗ್ಗೆ ಸಂಜೆ ಮನೆಯ ಒಲೆ.

ಆ ವರ್ಷ ಎಲೆಗಳು ಅಜ್ಜನ ಎದೆಮಟ್ಟ ಬಂದಿದ್ದವು. ಗಡ್ಡೆ ಆಗತಾನೆ ದಪ್ಪವಾಗಲು ಶುರುವಾಗಿತ್ತು. ಒಂದು ಸಂಜೆ ಮಗ ಕೈ ತೊಳೆದು ಬಂದು ಊಟಕ್ಕೆ ಕೂತವನು, ತುತ್ತು ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ. ಅವನು ನೀರಿನ ಕಚೇರಿಯಲ್ಲಿ ವಾಲ್ವ್ ತಿರುಗಿಸುವವನು. ಯಾವ ಬೀದಿಗೆ ಯಾವಾಗ ನೀರು ಹೋಗಬೇಕೆಂಬುದು ಅವನ ಕೈಯಲ್ಲಿದ್ದ ಉದ್ದನೆಯ ಕಬ್ಬಿಣದ ಕೀಲಿಗೆ ಗೊತ್ತಿತ್ತು.

"ಏನು, ಉಪ್ಪು ಹೆಚ್ಚಾಯ್ತಾ?" ಎಂದಳು ಸೊಸೆ.

"ತಿರುವಿನ ಜಾಯಿಂಟ್ ಸರಿ ಮಾಡೋಕೆ ಹೇಳಿದಾರೆ."

ಅಜ್ಜ ತಟ್ಟೆಯಿಂದ ತಲೆ ಎತ್ತಲಿಲ್ಲ. "ಯಾರು ಹೇಳಿದ್ದು?"

"ಸೂಪರ್‌ವೈಸರ್. ಮೇಲಿನ ಬೀದಿಗೆ ನೀರು ಹತ್ತುತ್ತಾ ಇಲ್ಲ. ಇಸ್ತ್ರಿ ಅಂಗಡಿಯಾಕೆ ಕಚೇರಿ ಬಾಗಿಲಲ್ಲೇ ಕೂತುಬಿಟ್ಟಿದ್ಲು ಇವತ್ತು. ಅವಳ ತಾಯಿ ಹಾಸಿಗೆ ಹಿಡಿದಿದಾಳೆ. ದಿನಾ ಹಾಸಿಗೆ ಬಟ್ಟೆ ಒಗೀಬೇಕು, ಕೆಳಗಿನಿಂದ ಕೊಡ ಹೊತ್ತು ಹೊತ್ತು ಹೆಗಲು ಬಿದ್ದುಹೋಗಿದೆ ಅಂತಾಳೆ."

"ಇಷ್ಟು ವರ್ಷ ಹತ್ತುತ್ತಾ ಇತ್ತಲ್ಲ?"

"ಇಷ್ಟು ವರ್ಷ ಅಲ್ಲಿ ಅಷ್ಟು ಮನೆ ಇರಲಿಲ್ಲ ಅಪ್ಪ."

"ಇನ್ನೆರಡು ತಿಂಗಳು ತಡಿ. ಗಡ್ಡೆ ಕಿತ್ತ ಮೇಲೆ ನಾನೇ ಬಂದು ಟಾರ್ಚು ಹಿಡೀತೀನಿ."

"ನನ್ನ ಕೈಲಿದೆಯಾ ಅದು?"

"ಮತ್ತೆ ಕೀಲಿ ಯಾರ ಕೈಲಿದೆ?"

ಮೊಮ್ಮಗಳು ಫಕ್ಕನೆ ನಕ್ಕು, ಅಪ್ಪನ ಮುಖ ನೋಡಿ ನಗು ನುಂಗಿಕೊಂಡಳು. ಅಜ್ಜಿ ಯಾರೂ ಕೇಳದಿದ್ದರೂ ಎಲ್ಲರ ತಟ್ಟೆಗೂ ಇನ್ನೊಂದು ಸೌಟು ಅನ್ನ ಹಾಕಿದಳು. ಅವಳಿಗೆ ಜಗಳ ನಿಲ್ಲಿಸಲು ಗೊತ್ತಿದ್ದುದು ಅದೊಂದೇ ದಾರಿ.

ಎರಡು ದಿನ ಬಿಟ್ಟು ಮಗ ತಿರುವಿನ ಗುಂಡಿಯ ಕಬ್ಬಿಣದ ಮುಚ್ಚಳ ಎತ್ತಿ ಒಳಗಿಳಿದ. ಹಳೆಯ ವಾಷರ್ ತೆಗೆದು ಹೊಸದು ಕೂರಿಸಿ, ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ಸಂಜೆಯ ಹೊತ್ತಿಗೆ ಮನೆ ಹಿಂದಿನ ಕಾಲುವೆಯಲ್ಲಿ ನೀರು ಎಳೆಯಷ್ಟಾಗಿ, ಆಮೇಲೆ ಬರೀ ಹೊಳಪಾಗಿ, ಕೊನೆಗೆ ಒದ್ದೆ ಮಣ್ಣಾಗಿ ನಿಂತಿತು. ಮೇಲಿನ ಬೀದಿಯಲ್ಲಿ ಇಸ್ತ್ರಿಯಾಕೆ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಅದು ತುಂಬುವವರೆಗೂ ಅಲ್ಲೇ ನಿಂತು ನೋಡಿದಳಂತೆ.

ಅವತ್ತಿನಿಂದ ಅಪ್ಪ ಮಗನ ಮಾತು ನಿಂತಿತು. ಒಂದೇ ಸೂರಿನಡಿ ಇದ್ದೂ ಇಬ್ಬರೂ ಮೊಮ್ಮಗಳ ಮೂಲಕ ಮಾತಾಡುತ್ತಿದ್ದರು.

"ನಿಮ್ಮಪ್ಪನಿಗೆ ಹೇಳು, ಸೈಕಲ್ಲು ದಾರಿಗೆ ಅಡ್ಡ ಇದೆ."

"ಅಪ್ಪ, ಸೈಕಲ್ಲು ಅಡ್ಡ ಇದೆಯಂತೆ."

"ಅಜ್ಜನಿಗೆ ಹೇಳು, ತೆಗೀತೀನಿ."

"ಅಜ್ಜ, ತೆಗೀತಾರಂತೆ. ನನಗೆ ಒಂದು ಖಾಕಿ ಅಂಗಿ ಹೊಲಿಸಿಕೊಡಿ, ಪೋಸ್ಟ್‌ಮ್ಯಾನ್ ಕೆಲಸ ಖಾಯಂ ಆದ ಹಾಗಿದೆ."

ನೀರು ಹೊರುವ ಕೆಲಸ ಮನೆಗೆ ಹೊಸದಾಗಿ ಬಂತು. ಸ್ನಾನದ ನೀರು, ಅಕ್ಕಿ ತೊಳೆದ ನೀರು, ಪಾತ್ರೆ ಬೆಳಗುವ ಮೊದಲು ಜಾಲಿಸಿದ ನೀರು ಎಲ್ಲವನ್ನೂ ಅಜ್ಜಿ ಒಂದು ತೊಟ್ಟಿಯಲ್ಲಿ ಕೂಡಿಸುತ್ತಿದ್ದಳು. ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ಅದನ್ನು ಪಾತಿಗೆ ಸುರಿಯುತ್ತಿದ್ದಳು. ಮನೆಯ ನಲ್ಲಿಯಲ್ಲಿ ನೀರು ಬರುತ್ತಿದ್ದುದೇ ಬೆಳಗ್ಗೆ ಒಂದಿಷ್ಟು ಹೊತ್ತು. ಸುರಿದ ನೀರು ಎರಡು ಗಿಡದ ಬುಡ ನೆನೆಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಎಂದ ಅಜ್ಜ. "ಬಿಡು ಮಗಳೇ. ನಿನ್ನ ಕೈ ನೋಡು, ಬೊಬ್ಬೆ ಬಂದಿದೆ."

ಕೆಸುವಿಗೆ ಬೇರೆ ಗಿಡಗಳಿಗಿಲ್ಲದ ಒಂದು ಗುಣವಿದೆ. ಬುಡದಲ್ಲಿ ನೀರು ಸಾಕಷ್ಟಿದ್ದರೆ ಬೆಳಗಿನ ಜಾವ ಪ್ರತಿ ಎಲೆಯ ಚೂಪು ತುದಿಯಲ್ಲೂ ಒಂದು ಹನಿ ತೂಗುತ್ತಿರುತ್ತದೆ. ಮಂಜು ಬೀಳದ ದಿನವೂ ಅದು ಇರುತ್ತದೆ, ಗಿಡ ತಾನು ಕುಡಿದು ಮಿಕ್ಕಿದ್ದನ್ನು ಹೊರಗೆ ಹಾಕಿದ್ದು. ಅಜ್ಜ ಎದ್ದ ಕೂಡಲೇ ಮೊದಲು ನೋಡುತ್ತಿದ್ದುದು ಅದನ್ನು. ಈಗ ತುದಿಗಳು ಒಣಗಿದ್ದವು. ಅಂಚುಗಳು ಹಳದಿಯಾಗಿ ಒಳಗೆ ಸುರುಟಿಕೊಳ್ಳತೊಡಗಿದವು. ಪಾತಿಯ ಮಣ್ಣು ಬಾಯಿ ಬಿಟ್ಟಿತು.

ಅಜ್ಜಿ ಅಡುಗೆಮನೆಯಲ್ಲಿ ಮಗನನ್ನು ಹಿಡಿದಳು. "ಒಂದು ಬೋಲ್ಟು ಸ್ವಲ್ಪ ಸಡಿಲ ಬಿಡೋ. ಯಾರಿಗೆ ಗೊತ್ತಾಗತ್ತೆ?"

"ಮೇಲಿನ ಬೀದಿಗೆ ಗೊತ್ತಾಗತ್ತೆ ಅಮ್ಮ."

"ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಗಾದೆ ಮಾಡಿದವನು ನಿನ್ನನ್ನ ಎಲ್ಲೋ ನೋಡಿರಬೇಕು."

"ಕೆಲಸ ಹೋದರೆ?"

"ನಿಮ್ಮಪ್ಪ ನಿನ್ನೆಯಿಂದ ಅರ್ಧ ಊಟ ಮಾಡ್ತಾ ಇದಾರೆ. ಮುಂದಿನ ವರ್ಷದ ಅನ್ನ ಯಾರದೋ, ಈಗಿಂದಲೇ ಅಭ್ಯಾಸ ಆಗಲಿ ಅಂತಾರೆ. ನಿನಗೆ ಹೇಳಿದ್ದು ಕೆಸುವಿನೆಲೆ ಮೇಲೆ ನೀರು ಹಾಕಿದ ಹಾಗೆ, ಒಂದು ಹನಿ ನಿಲ್ಲಲ್ಲ."

ಮಗ ಕೀಲಿ ಎತ್ತಿಕೊಂಡು ಹೊರಗೆ ಹೋದ. ಆದರೆ ಹನಿ ನಿಂತಿತ್ತು.

ಅತ್ತ ಸೊಸೆ ತನ್ನ ದಾರಿ ಹುಡುಕುತ್ತಿದ್ದಳು. ಹಾಸ್ಟೆಲಿನ ಮುಖ್ಯ ಅಡುಗೆಯವನ ಹತ್ತಿರ ಮಾತಾಡಿ ಬಂದು ಮಾವನ ಮುಂದೆ ಕೂತಳು.

"ಗಡ್ಡೆ ಸಣ್ಣದಿದ್ದರೂ ಪರವಾಗಿಲ್ಲವಂತೆ ಮಾವ. ಎಲ್ಲಾ ಒಂದೇ ಸೈಜಿಗೆ ಇದ್ದು, ಒಂದೇ ಹದಕ್ಕೆ ಬೆಂದರೆ ತಗೋತಾನಂತೆ. ಅಕ್ಕಿ ಅರ್ಧ ವರ್ಷಕ್ಕಾಗುವಷ್ಟು ಕೊಡ್ತಾನೆ."

ಅಜ್ಜ ಬೆರಳು ಮಡಿಸಿ ದಿನ ಎಣಿಸಿದ. "ನೀರು ನಿಂತು ಇಷ್ಟೇ ದಿನ. ಗಡ್ಡೆ ಇನ್ನೂ ಕೆಟ್ಟಿಲ್ಲ. ಈಗ ಕಿತ್ತರೆ ಎಳೇ ಗಡ್ಡೆ, ಆದರೆ ಒಳ್ಳೇ ಗಡ್ಡೆ. ಅರ್ಧ ಅನ್ನ ಆದರೂ ನನ್ನದೇ. ಆಗಲಿ, ಗುರುವಾರ ಕೀಳೋಣ."

ಬುಧವಾರ ಅವನು ಗುದ್ದಲಿ ಮಸೆದು ಗೋಡೆಗೆ ಒರಗಿಸಿದ. ಸೊಸೆ ಖಾಲಿ ಚೀಲಗಳನ್ನು ಕೊಡವಿ ಮಡಿಸಿಟ್ಟಳು. ಮನೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು, ಮಗನೊಬ್ಬನಿಗೆ ಬಿಟ್ಟು. ಅವನಿಗೆ ಹೇಳಬೇಕಾದವಳು ಮೊಮ್ಮಗಳು. ಅವಳು ಎರಡು ದಿನ ಜ್ವರವೆಂದು ಮಲಗಿದ್ದಳು.

ಗುರುವಾರ ಬೆಳಗ್ಗೆ ಅಜ್ಜ ಗುದ್ದಲಿ ಹಿಡಿದು ಹಿಂದಕ್ಕೆ ಹೋದವನು ಪಾತಿಯ ಅಂಚಿನಲ್ಲಿ ನಿಂತುಬಿಟ್ಟ. ಕಾಲುವೆಯಲ್ಲಿ ನೀರಿತ್ತು. ಎಲೆಗಳು ಇನ್ನೂ ತಲೆ ಎತ್ತಿರಲಿಲ್ಲ, ಆದರೆ ಮುಂದಿನ ಸಾಲಿನ ಒಂದೆರಡು ತುದಿಗಳಲ್ಲಿ ಹನಿ ತೂಗುತ್ತಿತ್ತು.

"ಬಾರೇ ಇಲ್ಲಿ" ಎಂದು ಅಜ್ಜಿಯನ್ನು ಕೂಗಿದ. "ನೋಡು. ನಿನ್ನ ಮಗ ಕೂರಿಸಿದ ವಾಷರ್ರು. ಒಂದು ತಿಂಗಳೂ ನಿಲ್ಲಲಿಲ್ಲ."

ಅಜ್ಜಿ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. "ನೀರಿಗೆ ತನ್ನ ದಾರಿ ಗೊತ್ತಿರತ್ತೆ" ಎಂದಷ್ಟೇ ಹೇಳಿದಳು.

ಗುದ್ದಲಿ ಮತ್ತೆ ಗೋಡೆಗೆ ಒರಗಿತು.

ಮಧ್ಯಾಹ್ನ ಊಟಕ್ಕೆ ಬಂದ ಮಗ ಅದನ್ನು ಕಂಡ. "ಗುದ್ದಲಿ ಯಾಕೆ ಹೊರಗಿದೆ?" ಎಂದು ಮಗಳನ್ನು ಕೇಳಿದ.

"ಇವತ್ತು ಕೆಸು ಕೀಳೋದಿತ್ತು. ಹಾಸ್ಟೆಲ್‌ನವರು ಸಣ್ಣದೇ ತಗೋತೀವಿ ಅಂದಿದ್ರು. ನೀರು ಬಂತಲ್ಲ, ಬೇಡ ಅಂದ ಅಜ್ಜ."

"ನನಗೆ ಯಾರೂ ಹೇಳಲಿಲ್ಲ."

"ನಾನು ರಜದ ಮೇಲಿದ್ದೆ ಅಪ್ಪ" ಎಂದಳು ಮಗಳು, ಹೊದಿಕೆಯೊಳಗಿನಿಂದ.

ಅವನು ಆಗ ಒಳಗೆ ಹೋಗಿ ಅಪ್ಪನಿಗೆ, ಬೋಲ್ಟು ನಾನೇ ಸಡಿಲಿಸಿದ್ದು, ನಾಳೆ ಇದು ಇರುತ್ತದೋ ಇಲ್ಲವೋ ಗೊತ್ತಿಲ್ಲ, ಇವತ್ತೇ ಕಿತ್ತುಬಿಡಿ ಎಂದು ಹೇಳಬಹುದಿತ್ತು. ಒಳಗೆ ಅಜ್ಜ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ. "ಅನ್ನ ನನ್ನದು" ಎನ್ನುವುದೂ ಕೇಳಿಸಿತು. ಮಗ ಕೈ ತೊಳೆದು ತಟ್ಟೆ ಮುಂದೆ ಕೂತ.

ಆಮೇಲಿನ ವಾರಗಳು ಹಾಗೆಯೇ ಹೋದವು. ಬೆಳಗಿನ ಪಾಳಿಗೆ ಹೋಗುವಾಗ ಅವನು ತಿರುವಿನ ಮುಚ್ಚಳ ಎತ್ತಿ ಒಂದು ಬೋಲ್ಟನ್ನು ಸ್ವಲ್ಪ ಸಡಿಲಿಸುವನು. ಕಾಲುವೆ ಹರಿಯುವುದು. ಗಿಡ ತಲೆ ಎತ್ತುವುದು, ಹೊಸ ಎಲೆಯ ಸುರುಳಿ ಬಿಚ್ಚುವುದು. ಅಷ್ಟರಲ್ಲಿ ಮೇಲಿನ ಬೀದಿಯಿಂದ ಮತ್ತೆ ದೂರು ಬರುವುದು. ಇಸ್ತ್ರಿಯಾಕೆ ಈಗ ಕಚೇರಿಗೆ ಹೋಗುತ್ತಿರಲಿಲ್ಲ, ಅವನನ್ನೇ ದಾರಿಯಲ್ಲಿ ನಿಲ್ಲಿಸುತ್ತಿದ್ದಳು.

"ಅಣ್ಣಾ, ಮತ್ತೆ ಹತ್ತುತ್ತಾ ಇಲ್ಲವಲ್ಲ. ನಿಮ್ಮ ಮೇಲೆ ತಪ್ಪು ಹೇಳ್ತಾ ಇಲ್ಲ, ನೀವೊಬ್ಬರೇ ನಮ್ಮ ಮಾತು ಕೇಳಿದೋರು. ಅಮ್ಮನ ಬೆನ್ನೆಲ್ಲಾ ಹುಣ್ಣಾಗಿದೆ. ಒದ್ದೆ ಬಟ್ಟೆ ಮೇಲೆ ಎಷ್ಟು ಹೊತ್ತು ಅಂತ ಮಲಗಿಸಲಿ?"

ಅವನು ಅವತ್ತೇ ಬಿಗಿಯುವನು. ಒಂದು ವಾರ ಕಳೆದು ಅಜ್ಜ ಅರ್ಧ ಊಟಕ್ಕೆ ಇಳಿದಾಗ ಮತ್ತೆ ಸಡಿಲಿಸುವನು.

"ನಿಮ್ಮಪ್ಪನಿಗೆ ಹೇಳು, ಕೆಲಸ ಕಲಿಸಿದ ಗುರುವಿನ ಹತ್ತಿರ ದಕ್ಷಿಣೆ ವಾಪಸ್ ಕೇಳು ಅಂತ" ಎಂದು ಅಜ್ಜ ಪಾತಿಯ ಪಕ್ಕ ಕೂತು ನಗುತ್ತಿದ್ದ. "ನಾಲ್ಕು ದಿನ ಹಿಡಿಯತ್ತೆ, ನಾಲ್ಕು ದಿನ ಬಿಡತ್ತೆ. ಇವನು ಹಾಕಿದ್ದು ವಾಷರ್ರೋ ಚಕ್ಕುಲಿಯೋ?"

ಮಗ ಕೇಳಿಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದ. ಅವನು ಬಿಗಿದ ಜಾಯಿಂಟು ಒಂದೂ ಸೋರುವುದಿಲ್ಲವೆಂದು ಕಚೇರಿಯಲ್ಲಿ ಹೆಸರಿತ್ತು.

ಅವನ ಅಂಗಿಯ ತೋಳಿಗೆ ತುಕ್ಕಿನ ಕಲೆ ಅಂಟಿದ್ದನ್ನು ಒಗೆಯುವಾಗ ಕಂಡವಳು ಸೊಸೆ. ಮೊದಲ ಸಲ ಉಜ್ಜಿ ಬಿಟ್ಟಳು. ಮೂರನೆಯ ಸಲ ಅಂಗಿಯನ್ನು ಹಾಗೇ ತಂದು ಅವನ ಮುಂದೆ ಹಿಡಿದಳು.

"ರೀ, ಇದೇನು?"

"ತುಕ್ಕು."

"ತುಕ್ಕು ಅಂತ ನನಗೂ ಗೊತ್ತು. ತಿರುವಿನ ಗುಂಡಿಗೆ ಇಳೀತಾ ಇದೀರಾ?"

ಅವನು ಕಲೆಯಿದ್ದ ತೋಳನ್ನು ಒಳಕ್ಕೆ ಮಡಿಸಿದ.

"ಸಿಕ್ಕಿಹಾಕಿಕೊಂಡರೆ ಸಂಬಳ ಹೋಗತ್ತೆ. ಆಮೇಲೆ ಅನ್ನವೂ ಇಲ್ಲ, ಮೇಲಿನದ್ದೂ ಇಲ್ಲ. ನೀರು ಬಿಡೋದಾದರೆ ಪೂರ್ತಿ ಬಿಡಿ, ಇಲ್ಲ ಪೂರ್ತಿ ನಿಲ್ಲಿಸಿ. ಇದೇನಿದು, ಅತ್ತ ಕಾಲು ಇತ್ತ ಕಾಲು?"

"ಪೂರ್ತಿ ನಿಲ್ಲಿಸಿದರೆ ಅಪ್ಪ ಸಾಯ್ತಾರೆ, ಪೂರ್ತಿ ಬಿಟ್ಟರೆ ಆ ಮುದುಕಿ ಸಾಯ್ತಾಳೆ. ಯಾವುದು ಮಾಡಲಿ, ನೀನೇ ಹೇಳು."

ಸೊಸೆ ಅಂಗಿಯನ್ನು ಹಿಂಡಿ ತಂತಿಯ ಮೇಲೆ ಹಾಕಿದಳು.

ಎಲೆಗಳು ಒಂದೊಂದಾಗಿ ಒರಗಿ ಗಡ್ಡೆ ಕೀಳುವ ಕಾಲ ಬಂತು. ರಜದ ದಿನ, ಮನೆಯವರೆಲ್ಲ ಪಾತಿಗಿಳಿದರು. ಅಜ್ಜ ಮೊದಲ ಬುಡಕ್ಕೆ ಗುದ್ದಲಿ ಹಾಕಿ, ಮಣ್ಣು ಸಡಿಲಿಸಿ, ಕೈ ತೂರಿಸಿ ಗಡ್ಡೆಯನ್ನು ಎತ್ತಿದ. ಮಣ್ಣು ಒರೆಸಿದ. ಒರೆಸಿದ ಮೇಲೆ ಇನ್ನೊಂದು ಸಲ ಒರೆಸಿದ.

ಗಡ್ಡೆ ಉದ್ದಕ್ಕಿತ್ತು, ಆದರೆ ತುಂಡು ತುಂಡಾಗಿ ಕಟ್ಟಿದಂತಿತ್ತು. ಕೆಳಗೆ ಒಂದು ದಪ್ಪ ಉಂಡೆ, ಅದರ ಮೇಲೆ ಹುರಿ ಬಿಗಿದಂತೆ ಸೊರಗಿದ ನಡು, ಮೇಲೆ ಮತ್ತೊಂದು ಉಂಡೆ, ಮತ್ತೆ ನಡು, ತುದಿಯಲ್ಲಿ ಎಳೆಯ ಬಿಳಿ ಬೆಳವಣಿಗೆ. ಎರಡನೆಯ ಬುಡ ಕಿತ್ತ. ಅದೂ ಹಾಗೇ. ಸಾಲಿಗೆ ಸಾಲೇ ಹಾಗೆ, ಎಲ್ಲದರ ನಡುವೂ ಅದೇ ಅದೇ ಜಾಗದಲ್ಲಿ ಸೊರಗಿತ್ತು.

"ಅಯ್ಯ, ಬೆಲ್ಟ್ ಹಾಕಿಕೊಂಡಿದೆ" ಎಂದು ಮೊಮ್ಮಗಳು ನಕ್ಕಳು. ಬೇರೆ ಯಾರೂ ನಗಲಿಲ್ಲ.

ಅಜ್ಜ ಗಡ್ಡೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಸವರುತ್ತ ಹೋದ. "ಇಲ್ಲಿವರೆಗೆ ಹಳೇ ನೀರು. ಇಲ್ಲಿ ನಿಲ್ಲಿಸಿದ್ದು. ಇಲ್ಲಿ ಬಿಟ್ಟದ್ದು. ಇಲ್ಲಿ ಮತ್ತೆ ನಿಲ್ಲಿಸಿದ್ದು." ಬೆರಳು ನಿಂತಿತು. "ವಾಷರ್ ಸೋರಿದರೆ ದಿನಾ ಇಷ್ಟಿಷ್ಟು ಸೋರತ್ತೆ. ಇದು ಕೈಯಿಂದ ಬಿಟ್ಟ ನೀರು."

ಅಷ್ಟು ವಾರಗಳಲ್ಲಿ ಅವನು ಮೊದಲ ಬಾರಿಗೆ ಮಗನ ಮುಖ ನೋಡಿ ಮಾತಾಡಿದ. "ನೀನಾ?"

"ನಾನೇ ಅಪ್ಪ."

"ಯಾಕೋ?"

"ನೀವು ಅರ್ಧ ಊಟ ಬಿಟ್ಟಿದ್ರಿ."

ಅಜ್ಜಿ ಮಧ್ಯೆ ಬಂದಳು. "ನಾನು ಹೇಳಿದ್ದು. ಅವನನ್ನ ಅನ್ನಬೇಡಿ."

"ಯಾರನ್ನೂ ಅಂತಾ ಇಲ್ಲ ಕಣೆ." ಅಜ್ಜ ಗಡ್ಡೆಯನ್ನು ನೆಲಕ್ಕಿಟ್ಟ. "ಗುರುವಾರ ಗುದ್ದಲಿ ಹಿಡಿದು ನಿಂತಿದ್ದೆ ನಾನು. ಕಾಲುವೆ ಒಣಗಿದ್ದಿದ್ದರೆ ಕಿತ್ತುಬಿಡ್ತಾ ಇದ್ದೆ."

"ಗೊತ್ತು. ಮಧ್ಯಾಹ್ನ ಗೊತ್ತಾಯ್ತು."

"ಹೇಳೋದಲ್ವೇನೋ?"

"ನೀವು ಎರಡನೇ ಸಲ ಅನ್ನ ಹಾಕಿಸಿಕೊಳ್ತಾ ಇದ್ರಿ ಅಪ್ಪ."

ಅಜ್ಜ ಎದ್ದು ಮುಂದಿನ ಬುಡಕ್ಕೆ ಗುದ್ದಲಿ ಹಾಕಿದ. ಮಗ ಅವನ ಹಿಂದೆ ಮಣ್ಣು ಕೊಡವುತ್ತ ಬಂದ. ಸಾಲು ಮುಗಿಯುವವರೆಗೂ ಇಬ್ಬರೂ ಹಾಗೇ ಕೆಲಸ ಮಾಡಿದರು.

ಸೊಸೆ ಮೊದಲ ಚೀಲವನ್ನು ಹಾಸ್ಟೆಲಿಗೆ ಒಯ್ದಳು. ಮುಖ್ಯ ಅಡುಗೆಯವನು ನಾಲ್ಕು ಗಡ್ಡೆ ಬೇಯಿಸಿ ನೋಡಿದ. ತುದಿ ಕರಗಿ ಗಂಜಿಯಾಯಿತು, ಬುಡ ಕಲ್ಲಿನಂತೆ ಉಳಿಯಿತು, ನಡು ನಾರು ನಾರಾಯಿತು. ಒಂದು ಚೂರು ಬಾಯಿಗೆ ಹಾಕಿಕೊಂಡು ಗಂಟಲು ಹಿಡಿದುಕೊಂಡ.

"ತಂಗೀ, ಬೇಜಾರು ಮಾಡ್ಕೋಬೇಡ. ಮಕ್ಕಳಿಗೆ ಇದನ್ನ ಹೇಗೆ ಹಾಕಲಿ? ಆವತ್ತೇ ಸಣ್ಣದು ತಂದಿದ್ದರೆ ಕಣ್ಣು ಮುಚ್ಚಿ ತಗೋತಿದ್ದೆ."

ಅವಳು ಚೀಲವನ್ನು ತಿರುಗಿ ಹೊತ್ತು ತಂದಳು.

ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ. ಮನೆಯಲ್ಲಿ ದಿನವೂ ಕೆಸು ಬೆಂದಿತು. ನೀರು ತಪ್ಪಿದ ಗಡ್ಡೆಯಲ್ಲಿ ತುರಿಕೆ ಹೆಚ್ಚು. ಸಿಪ್ಪೆ ತೆಗೆದವರ ಕೈ ಉರಿ, ತಿಂದವರ ಗಂಟಲು ಕೆರೆತ. ಸೊಸೆ ಮೊಣಕೈವರೆಗೂ ಎಣ್ಣೆ ಹಚ್ಚಿಕೊಂಡು ಹೆಚ್ಚುತ್ತಿದ್ದಳು. ಮೊಮ್ಮಗಳು ಊಟವಾದ ಮೇಲೆ ಕೆಮ್ಮುತ್ತ, "ಇದು ನಮ್ಮನ್ನ ತಿನ್ನುತ್ತಾ ಇದೆ" ಎನ್ನುತ್ತಿದ್ದಳು.

ಪ್ರತಿ ವರ್ಷ ಕಿತ್ತ ಮೇಲೆ ಅಜ್ಜ ದೊಡ್ಡ ಗಡ್ಡೆಯ ಸುತ್ತ ಹುಟ್ಟಿದ ಮರಿಗಡ್ಡೆಗಳನ್ನು ಬೇರೆ ಮಾಡಿ ಮೂಲೆಯಲ್ಲಿ ಮರಳಿನೊಳಗೆ ಹೂತಿಡುತ್ತಿದ್ದ, ಮುಂದಿನ ನಾಟಿಗೆ. ಈ ಸಲವೂ ಬೇರೆ ಮಾಡಿದ. ಬುಟ್ಟಿಯಲ್ಲಿ ತುಂಬಿ, ಎತ್ತಿಕೊಂಡು, ಮರಳಿನ ಮೂಲೆಯವರೆಗೂ ಹೋದ. ಅಲ್ಲಿಂದ ತಿರುಗಿ ಬಂದು ಬುಟ್ಟಿಯನ್ನು ಒಲೆಯ ಪಕ್ಕ ಇಟ್ಟ.

"ಅಜ್ಜ, ಅದು ಬಿತ್ತನೆದು" ಎಂದಳು ಮೊಮ್ಮಗಳು.

"ಇದು ಚೆನ್ನಾಗಿ ಬೇಯತ್ತೆ. ತುರಿಸಲ್ಲ. ನಿಮ್ಮಜ್ಜಿಗೆ ಕೊಡು."

"ಮುಂದಿನ ವರ್ಷಕ್ಕೆ?"

"ಕಾಲುವೆ ಇನ್ನು ಹರಿಯಲ್ಲ. ಎಲ್ಲಿ ನೆಡೋಣ, ನೀನೇ ಹೇಳು."

ಅವತ್ತು ಮಧ್ಯಾಹ್ನ ಐವರೂ ಊಟಕ್ಕೆ ಕೂತರು. ಅಂಗಡಿಯಿಂದ ತಂದ ಅಕ್ಕಿ, ಮಗನ ಸಂಬಳದ್ದು. ಬೆಂದ ಮರಿಗಡ್ಡೆ ನಿಜವಾಗಿಯೂ ಮೆತ್ತಗೆ, ಬೆಣ್ಣೆಯಂತಿತ್ತು. ಯಾರೂ ಅದನ್ನು ಹೊಗಳಲಿಲ್ಲ. ಅಜ್ಜಿ ಅಜ್ಜನ ತಟ್ಟೆಗೆ ಒಂದು ಸೌಟು ಅನ್ನ ಹಾಕಿ ಎರಡನೆಯದಕ್ಕೆ ಕೈ ಎತ್ತಿದಳು. ಅಜ್ಜ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಹಾಕಿಸಿಕೊಳ್ಳಿ ಮಾವ" ಎಂದಳು ಸೊಸೆ.

"ಸಾಕಮ್ಮ."

ಆಗ ಬೀದಿಯ ಕಡೆಯಿಂದ ನೀರು ಧುಮುಕುವ ಸದ್ದು ಬಂತು. ಮೇಲಿನ ಬೀದಿಯ ಯಾವುದೋ ಮನೆಯ ಟ್ಯಾಂಕು ತುಂಬಿ ಹೊರಗೆ ಸುರಿಯುತ್ತಿತ್ತು. ಆ ನೀರು ಎದುರು ಸಾಲಿನ ಆಳವಾದ ಸಿಮೆಂಟು ಚರಂಡಿಗೆ ಬಿದ್ದು, ಅವರ ಮನೆಯ ಮುಂದೆಯೇ ಹಾದು, ಕೊಚ್ಚೆಯ ಜೊತೆ ಕೆಳಗೆ ಓಡುತ್ತಿತ್ತು. ಐವರೂ ಕೇಳಿಸಿಕೊಂಡರು.

ಮಗ ಎದ್ದ.

"ಊಟ ಮುಗಿಸಿ ಹೋಗೋ" ಎಂದ ಅಜ್ಜ.

"ನೀರು ಪೋಲಾಗ್ತಾ ಇದೆ ಅಪ್ಪ. ಹೇಳಿ ಬರ್ತೀನಿ."

ಅವನು ಎಂಜಲು ಕೈ ತೊಳೆದು, ಚಪ್ಪಲಿ ಮೆಟ್ಟಿ, ಬೀದಿ ಹತ್ತಿ ಹೋದ. ಸ್ವಲ್ಪ ಹೊತ್ತಿಗೆ ಮೇಲೆಲ್ಲೋ ಬಾಗಿಲು ತಟ್ಟಿದ್ದು ಕೇಳಿಸಿತು. ಸದ್ದು ತೆಳುವಾಯಿತು. ಆಮೇಲೆ ನಿಂತಿತು. ಅಜ್ಜಿ ಮಗನ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿದಳು. ಅಜ್ಜ ಕೈ ತೊಳೆಯದೆ, ಏಳದೆ, ಮಗ ಬರುವವರೆಗೂ ಹಾಗೇ ಕೂತಿದ್ದ.